ನ್ಯಾನೊಕಣ ಮತ್ತು ದೊಡ್ಡಕರುಳಿನ ಕ್ಯಾನ್ಸರ್: ರೋಗಿಗೆ ಇವತ್ತು ಸಿಗೋದೇನು, ಲ್ಯಾಬಿನಲ್ಲೇ ಉಳಿದಿರೋದೇನು?

ತಿಳಿಸಾರು (ಬೆಳಿಗ್ಗೆ 7:12)
ವಾಟ್ಸಾಪಿನಲ್ಲಿ ಒಂದು ವಿಡಿಯೊ ಓಡಾಡ್ತಿದೆ. ಚಿನ್ನದ ನ್ಯಾನೊಕಣ ಚುಚ್ಚಿದರೆ ಕರುಳಿನ ಗಡ್ಡೆ ಕರಗಿಹೋಗುತ್ತೆ, ಕೀಮೋನೂ ಬೇಡ ಆಪರೇಷನ್ನೂ ಬೇಡ ಅಂತ. ಕೆಳಗಡೆ ‘ಬೆಂಗಳೂರಲ್ಲಿ ಎಲ್ಲಿ ಮಾಡ್ತಾರೆ, ಎಷ್ಟಾಗುತ್ತೆ’ ಅಂತ ಕೇಳಿರೋರು ನೂರಾರು ಜನ. ಇದರಲ್ಲಿ ನಿಜ ಎಷ್ಟು? ದೊಡ್ಡಕರುಳು, ಗುದನಾಳದ ಕ್ಯಾನ್ಸರ್ ಪತ್ತೆಗೆ ನ್ಯಾನೊಕಣ ಈಗಾಗಲೇ ಬಳಕೆಯಲ್ಲಿದೆಯಾ? ಚಿಕಿತ್ಸೆಗೆ? ಇಲ್ಲ ಅಂದ್ರೆ ತಡೆದಿರೋದು ಏನು? ಗೊತ್ತಿರೋರು ಅಳತೆ, ಹೆಸರು, ಕಾರಣ ಸಮೇತ ಬರೀರಿ. ‘ಭವಿಷ್ಯ ಉಜ್ವಲವಾಗಿದೆ’ ಅನ್ನೋ ಉತ್ತರ ಬೇಡ.

ಜಕ್ಕೂರು_ಕಣ (7:40)
ಪತ್ತೆಯ ಕಡೆ ಖಂಡಿತ ಬಳಕೆಯಲ್ಲಿದೆ, ಅದೂ ಬಹಳ ವರ್ಷದಿಂದ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಕಾರ್ಡ್ ಇದೆಯಲ್ಲ, ಅದರಲ್ಲಿ ಮೂಡುವ ಕೆಂಪು ಗೆರೆಯೇ ಚಿನ್ನದ ನ್ಯಾನೊಕಣ. ಸುಮಾರು 40 ನ್ಯಾನೊಮೀಟರ್ ಅಗಲದ ಕಣಗಳ ಮೈಮೇಲೆ ಮನುಷ್ಯರ ಹಿಮೋಗ್ಲೋಬಿನ್ ಹಿಡಿಯುವ ಪ್ರತಿಕಾಯ ಕೂರಿಸಿರ್ತಾರೆ. ಮಾದರಿಯಲ್ಲಿ ರಕ್ತ ಇದ್ದರೆ ಕಣಗಳು ಟೆಸ್ಟ್ ಗೆರೆಯ ಜಾಗದಲ್ಲಿ ಸಿಕ್ಕಿಕೊಳ್ತವೆ, ಗುಂಪಾಗಿ ನಿಂತಾಗ ಕಣ್ಣಿಗೆ ಕೆಂಪಾಗಿ ಕಾಣ್ತವೆ.

ಗಾತ್ರದ ಅಂದಾಜಿಗೆ: ರಾಗಿ ಕಾಳು ಸುಮಾರು ಒಂದೂವರೆ ಮಿಲಿಮೀಟರ್. 100 ನ್ಯಾನೊಮೀಟರ್ ಕಣ ಅದರ 15,000ನೇ ಒಂದು ಭಾಗ. ಕೆಂಪು ರಕ್ತಕಣ 7-8 ಮೈಕ್ರೊಮೀಟರ್, ಅಂದರೆ ಅದರ ಪಕ್ಕದಲ್ಲೂ ಇದು ಧೂಳೇ.

ಚಿಕಿತ್ಸೆ ಬೇರೆ ಲೆಕ್ಕ. ಕರುಳಿನ ಕ್ಯಾನ್ಸರ್ ವಾಸಿ ಮಾಡೋಕೆ ಅಂತ ಒಪ್ಪಿಗೆ ಪಡೆದ ಚಿನ್ನದ ನ್ಯಾನೊ ಇಂಜೆಕ್ಷನ್ ಯಾವುದೂ ಇಲ್ಲ. ವಿಡಿಯೊ ಸುಳ್ಳು.

ಗಿರಿನಗರ_ಗಿಳಿ (7:44)
ಪ್ರೆಗ್ನೆನ್ಸಿ ಕಾರ್ಡಿನ ಗೆರೆನೂ ಇದೇನಾ?

ಜಕ್ಕೂರು_ಕಣ (7:47)
ಹೆಚ್ಚಿನವು ಇದೇ. ಕೆಲವು ಕಂಪನಿಯವರು ಬಣ್ಣದ ಲೇಟೆಕ್ಸ್ ಕಣ ಹಾಕ್ತಾರೆ. ಗೆರೆ ನೀಲಿ ಬಂದರೆ ಸಾಮಾನ್ಯವಾಗಿ ಲೇಟೆಕ್ಸ್.

ಕರುಳುವೈದ್ಯ (8:20)
ಫಿಟ್ ವಿಷಯ ಬಂತಲ್ಲ, ಅದನ್ನ ಸರಿಯಾಗಿ ಮಾಡೋದು ಹೇಗೆ ಅಂತ ಬರೀತೀನಿ. ಕಾರ್ಡ್ ತಪ್ಪೋದಕ್ಕಿಂತ ಮಾದರಿ ತೆಗೆಯೋದರಲ್ಲಿ ಆಗುವ ತಪ್ಪೇ ಜಾಸ್ತಿ.

ಮಲ ಕಮೋಡಿನ ನೀರಿಗೆ ಬೀಳಬಾರದು. ನೀಲಿ ಕ್ಲೀನರ್ ಇದ್ದರಂತೂ ಬೇಡವೇ ಬೇಡ. ಇಂಡಿಯನ್ ಟಾಯ್ಲೆಟ್ ಆದರೆ ಒಣ ಪೇಪರ್ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ. ಬಾಟಲಿಯ ಮುಚ್ಚಳಕ್ಕೆ ಅಂಟಿರುವ ಕಡ್ಡಿಯನ್ನ ನಾಲ್ಕೈದು ಬೇರೆ ಬೇರೆ ಜಾಗಕ್ಕೆ ಚುಚ್ಚಿ. ಕಡ್ಡಿಯ ತೋಡು ತುಂಬಿದರೆ ಸಾಕು. ‘ಜಾಸ್ತಿ ಹಾಕಿದರೆ ಚೆನ್ನಾಗಿ ಬರುತ್ತೆ’ ಅಂತ ಉಂಡೆ ಹಾಕಿದರೆ ದ್ರವ ಪಟ್ಟಿಯ ಮೇಲೆ ಹತ್ತೋದೇ ಇಲ್ಲ, ಪರೀಕ್ಷೆ ಸರಿಯಾಗಿ ನಡೆದಿದೆ ಅಂತ ತೋರಿಸುವ ಕಂಟ್ರೋಲ್ ಗೆರೆಯೂ ಬರೋಲ್ಲ. ಬಾಟಲಿ ಚೆನ್ನಾಗಿ ಕುಲುಕಿ, ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ಹನಿ ಹಾಕಿ, ಬರೆದ ಸಮಯಕ್ಕೇ ಓದಿ. ಅರ್ಧ ಗಂಟೆ ಬಿಟ್ಟು ನೋಡಿ ‘ಮಸುಕು ಗೆರೆ ಬಂದಿದೆ’ ಅಂದರೆ ಅದಕ್ಕೆ ಬೆಲೆ ಇಲ್ಲ.

ಮುಟ್ಟಿನ ದಿನಗಳಲ್ಲಿ ಬೇಡ. ಮೂತ್ರದಲ್ಲಿ ರಕ್ತ ಹೋಗ್ತಿದ್ದರೂ ಬೇಡ. ಏಪ್ರಿಲ್ ಬಿಸಿಲಲ್ಲಿ ಮಾದರಿಯನ್ನ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಊರೆಲ್ಲಾ ಸುತ್ತಬೇಡಿ, ಶಾಖಕ್ಕೆ ಹಿಮೋಗ್ಲೋಬಿನ್ ಕೆಡುತ್ತೆ, ರಕ್ತ ಇದ್ದರೂ ನೆಗೆಟಿವ್ ಬರುತ್ತೆ.

ಮಲದಲ್ಲಿ ರಕ್ತ ಹುಡುಕುವ ಹಳೇ ಗ್ವಾಯಕ್ ಪರೀಕ್ಷೆಗೆ ಮಟನ್ ಬಿಡಬೇಕಿತ್ತು, ವಿಟಮಿನ್ ಸಿ ಬಿಡಬೇಕಿತ್ತು. ಫಿಟ್‌ಗೆ ಆ ಪಥ್ಯ ಇಲ್ಲ, ಯಾಕಂದ್ರೆ ಅದು ಮನುಷ್ಯರ ಗ್ಲೋಬಿನ್ ಮಾತ್ರ ಗುರುತಿಸುತ್ತೆ. ಹೊಟ್ಟೆಯ ಮೇಲ್ಭಾಗದ ರಕ್ತಸ್ರಾವವೂ ಇದರಲ್ಲಿ ಸಾಮಾನ್ಯವಾಗಿ ಕಾಣಲ್ಲ. ಆ ಗ್ಲೋಬಿನ್ ಕೆಳಗೆ ಬರುವಷ್ಟರಲ್ಲಿ ಜೀರ್ಣವಾಗಿರುತ್ತೆ.

ಸಂಪಿಗೆ_ರಸ್ತೆ (8:31)
ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಾನಾ ಡಾಕ್ಟ್ರೇ?

ಕರುಳುವೈದ್ಯ (8:39)
ಅಲ್ಲ. ಮೂಲವ್ಯಾಧಿ, ಪಾಲಿಪ್ (ಕರುಳಿನ ಒಳಮೈಯಲ್ಲಿ ಬೆಳೆಯುವ ಗಂಟು), ಕರುಳಿನ ಉರಿಯೂತ, ಯಾವುದರಿಂದಲೂ ಬರಬಹುದು. ಆದರೆ ಪಾಸಿಟಿವ್ ಬಂದಮೇಲೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳು ನೋಡೋದು) ಆಗಲೇಬೇಕು. ‘ಇನ್ನೊಂದ್ಸಲ ಫಿಟ್ ಮಾಡಿ ನೋಡೋಣ, ನೆಗೆಟಿವ್ ಬಂದರೆ ಬಿಡೋಣ’ ಅನ್ನೋದು ದೊಡ್ಡ ತಪ್ಪು. ಗಡ್ಡೆ ದಿನಾ ರಕ್ತ ಸುರಿಸಲ್ಲ, ಎರಡನೇ ಸಲ ನೆಗೆಟಿವ್ ಬಂದರೆ ಏನೂ ಸಾಬೀತಾಗಲ್ಲ.

ಅನೇಕ ಅಧ್ಯಯನ ಒಟ್ಟುಗೂಡಿಸಿದ ಲೆಕ್ಕದಲ್ಲಿ ಒಂದು ಫಿಟ್ 100 ಕ್ಯಾನ್ಸರುಗಳಲ್ಲಿ ಸುಮಾರು 79 ಹಿಡಿಯುತ್ತೆ. ದೊಡ್ಡ ಪಾಲಿಪ್ ಹಿಡಿಯೋದು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಕಣ್ಣಿಗೆ ಕಾಣುವಂತೆ ರಕ್ತ ಹೋಗ್ತಿದ್ರೆ, ಮಲವಿಸರ್ಜನೆಯ ಅಭ್ಯಾಸ ವಾರಗಟ್ಟಲೆ ಬದಲಾಗಿದ್ರೆ, ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಾರಣವಿಲ್ಲದೆ ಕಬ್ಬಿಣದ ಕೊರತೆ ಬಂದಿದ್ರೆ, ಫಿಟ್ ನೆಗೆಟಿವ್ ಅಂತ ಸುಮ್ಮನಾಗಬೇಡಿ. ನಮ್ಮೂರಲ್ಲಿ ರಕ್ತ ಕಂಡ ತಕ್ಷಣ ‘ಪೈಲ್ಸ್ ಇರ್ಬೇಕು’ ಅಂತ ಮುಲಾಮು ತರ್ತಾರೆ. ಗುದನಾಳದೊಳಗೆ ಬೆರಳು ಹಾಕಿ ನೋಡೋ ಎರಡು ನಿಮಿಷದ ಪರೀಕ್ಷೆಯೂ ಆಗದೆ ತಿಂಗಳುಗಳು ಹೋಗ್ತವೆ. ನ್ಯಾನೊ ಆಮೇಲೆ, ಮೊದಲು ಆ ಬೆರಳು.

ಎಮ್ಮೆಸ್ಸಿ_ಕೊನೇಸೆಮ್ (9:05)
ಚಿನ್ನದ ಪಟ್ಟಿಯ ಬಗ್ಗೆ ಗೊತ್ತಿರೋರು ಇದ್ದೀರಲ್ಲ, ಒಂದು ಸಹಾಯ ಬೇಕು. ಪ್ರಾಜೆಕ್ಟಿಗೆ ಸಿಟ್ರೇಟ್ ವಿಧಾನದಲ್ಲಿ 40 ನ್ಯಾನೊಮೀಟರ್ ಚಿನ್ನ, ಅದರ ಮೇಲೆ ಹಿಮೋಗ್ಲೋಬಿನ್ ಪ್ರತಿಕಾಯ. ತೊಂದರೆ ಎರಡು. ಒಂದು, ಪ್ರತಿಕಾಯ ಹಾಕಿದ ತಕ್ಷಣ ವೈನ್ ಕೆಂಪು ಹೋಗಿ ನೇರಳೆ ಆಗುತ್ತೆ. ಎರಡು, ಹೇಗೋ ಉಳಿದ ಬ್ಯಾಚಿನಲ್ಲಿ ರಕ್ತ ಇಲ್ಲದ ಮಾದರಿಗೂ ಟೆಸ್ಟ್ ಗೆರೆ ಮಸುಕಾಗಿ ಮೂಡುತ್ತೆ.

ಜಕ್ಕೂರು_ಕಣ (9:18)
ಚಿನ್ನ ಮಾಡಿದ ಅಳತೆ ಹೇಳಿ. ಪ್ರತಿಕಾಯ ಯಾವ ಬಫರಿನಲ್ಲಿದೆ? ಪಿಎಚ್ ಎಷ್ಟು?

ಎಮ್ಮೆಸ್ಸಿ_ಕೊನೇಸೆಮ್ (9:26)
50 ಮಿ.ಲೀ. 0.01% ಕ್ಲೋರೋಆರಿಕ್ ಆಮ್ಲ (ಚಿನ್ನದ ಲವಣ) ಕುದಿಸಿ, 1% ಟ್ರೈಸೋಡಿಯಂ ಸಿಟ್ರೇಟ್ 0.5 ಮಿ.ಲೀ. ಪ್ರತಿಕಾಯ ಬಂದಿರೋದು ಪಿಬಿಎಸ್ ಅನ್ನೋ ಉಪ್ಪಿನ ಬಫರಿನಲ್ಲಿ, ಕೆಡದಿರೋಕೆ ಅಜೈಡ್ ಇದೆ. ಪಿಎಚ್ ನೋಡಿಲ್ಲ.

ಜಕ್ಕೂರು_ಕಣ (9:58)
ಅಳತೆ ಸರಿ ಇದೆ. ಫ್ರೆನ್ಸ್ ಅನ್ನೋ ವಿಜ್ಞಾನಿ 1973ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಅಷ್ಟೇ ಆಮ್ಲಕ್ಕೆ 1 ಮಿ.ಲೀ. ಸಿಟ್ರೇಟ್ ಹಾಕಿದರೆ ಸುಮಾರು 16 ನ್ಯಾನೊಮೀಟರ್, 0.5 ಹಾಕಿದರೆ 41ರ ಆಸುಪಾಸು, 0.3 ಹಾಕಿದರೆ 70 ದಾಟುತ್ತೆ. ಸಿಟ್ರೇಟ್ ಕಡಿಮೆ ಆದಷ್ಟೂ ಕಣ ದಪ್ಪ.

ನೇರಳೆ ಆಗೋದು ಪಿಬಿಎಸ್‌ನಿಂದ. ಸಿಟ್ರೇಟ್ ಕಣಗಳು ಒಂದಕ್ಕೊಂದು ಅಂಟದೆ ನಿಂತಿರೋದು ಮೈಮೇಲಿನ ಋಣ ಆವೇಶದಿಂದ. ಉಪ್ಪು ಬಿದ್ದ ತಕ್ಷಣ ಆ ಆವೇಶ ಮರೆಯಾಗುತ್ತೆ, ಕಣಗಳು ಒಂದಕ್ಕೊಂದು ಹತ್ತಿರ ಬಂದು ಗಂಟು ಕಟ್ಟುತ್ತವೆ, 525-530ರಲ್ಲಿದ್ದ ಹೀರಿಕೆಯ ಶಿಖರ ಉದ್ದ ತರಂಗಾಂತರದ ಕಡೆ ಸರಿಯುತ್ತೆ. ಪ್ರತಿಕಾಯವನ್ನ 2 ಮಿಲಿಮೋಲಾರ್ ಬೋರೇಟ್‌ಗೆ ಡಯಾಲಿಸಿಸ್ ಮಾಡಿ (ಪೊರೆಯ ಚೀಲದಲ್ಲಿಟ್ಟು ಉಪ್ಪು ಹೊರಹಾಕೋದು), ರಾತ್ರಿಯೆಲ್ಲಾ 4 ಡಿಗ್ರಿಯಲ್ಲಿ, ಬಫರ್ ಎರಡು ಸಲ ಬದಲಿಸಿ. ಬಾಟಲಿಯ ಲೇಬಲ್ ಇನ್ನೊಮ್ಮೆ ಓದಿ. ಕಂಪನಿಯವರು ಕಾಯ್ದಿಡೋಕೆ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿದ್ದರೆ ಡಯಾಲಿಸಿಸ್‌ನಲ್ಲಿ ಅದು ಹೋಗಲ್ಲ. ನಿಮ್ಮ ಪ್ರತಿಕಾಯಕ್ಕಿಂತ ಮೊದಲು ಅದೇ ಚಿನ್ನದ ಮೇಲೆ ಕೂರುತ್ತೆ. ಬಿಎಸ್‌ಎ ಇಲ್ಲದ್ದನ್ನ ಕೇಳಿ ತರಿಸಿಕೊಳ್ಳಿ.

ಚಿನ್ನದ ಪಿಎಚ್ 8.5ರಿಂದ 9ಕ್ಕೆ ತನ್ನಿ, 0.1 ಮೋಲಾರ್ ಪೊಟಾಸಿಯಂ ಕಾರ್ಬೋನೇಟ್ ಹನಿ ಹನಿಯಾಗಿ. ಗಾಜಿನ ಎಲೆಕ್ಟ್ರೋಡನ್ನ ನೇರ ಚಿನ್ನಕ್ಕೆ ಅದ್ದಬೇಡಿ. ಅದರಿಂದ ಸೋರುವ ಪೊಟಾಸಿಯಂ ಕ್ಲೋರೈಡ್ ಚಿನ್ನ ಕೆಡಿಸುತ್ತೆ, ಚಿನ್ನ ಎಲೆಕ್ಟ್ರೋಡಿನ ರಂಧ್ರ ಕಟ್ಟುತ್ತೆ. ಪಿಎಚ್ ಪೇಪರ್ ಸಾಕು.

ಆಮೇಲೆ ಉಪ್ಪಿನ ಪರೀಕ್ಷೆ. 1 ಮಿ.ಲೀ. ಚಿನ್ನದ ಟ್ಯೂಬುಗಳಿಗೆ 2, 4, 6, 8, 10, 12 ಮೈಕ್ರೊಗ್ರಾಂ ಪ್ರತಿಕಾಯ ಹಾಕಿ, ಒಂದಕ್ಕೆ ಏನೂ ಹಾಕಬೇಡಿ. 10 ನಿಮಿಷ ಬಿಟ್ಟು ಎಲ್ಲಕ್ಕೂ 10% ಸೋಡಿಯಂ ಕ್ಲೋರೈಡ್ 100 ಮೈಕ್ರೊಲೀಟರ್. ಕೆಂಪಾಗೇ ಉಳಿಯುವ ಮೊದಲ ಟ್ಯೂಬ್ ಕನಿಷ್ಠ ಪ್ರಮಾಣ. ಅದಕ್ಕೆ 10-20% ಸೇರಿಸಿ ಬ್ಯಾಚ್ ಮಾಡಿ.

ದಾಸರಹಳ್ಳಿ_ಲ್ಯಾಬ್ (10:10)
ಗಾಜಿನ ಸಾಮಾನು ಅಕ್ವಾ ರೀಜಿಯಾದಲ್ಲಿ ತೊಳೆದಿದ್ದಾರಾ ಅಂತ ಮೊದಲು ಕೇಳಬೇಕಿತ್ತು. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್, ಫ್ಯೂಮ್ ಹುಡ್ ಒಳಗೆ, ಬಳಸುವಾಗಲೇ ಬೆರೆಸಿ. ಮುಚ್ಚಳ ಬಿಗಿದು ಇಡಬೇಡಿ, ಅನಿಲ ತುಂಬಿ ಬಾಟಲಿ ಸಿಡಿಯುತ್ತೆ. ಅಸಿಟೋನ್ ಬಳಿ ಸುಳಿಯಬಾರದು. ಸ್ಟೀಲ್ ಚಮಚದಲ್ಲಿ ಚಿನ್ನದ ಲವಣ ತೆಗೀಬೇಡಿ, ಲೋಹ ತಾಗಿದ ಕಡೆಯೇ ಚಿನ್ನ ಬಿಟ್ಟುಕೊಳ್ಳುತ್ತೆ. ಬೋರ್‌ವೆಲ್ ನೀರಿನ ಡಿಸ್ಟಿಲ್ಡ್ ವಾಟರ್ ನಂಬಬೇಡಿ, 18.2 ಮೆಗಾಓಮ್ ಅನ್ನೋ ಅತಿ ಶುದ್ಧ ನೀರೇ ಬೇಕು.

ಇನ್ನೊಂದು, ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ನೀರು ಇಲ್ಲಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತೆ. ಸಮುದ್ರತೀರದ ಲ್ಯಾಬಿನವರ ಅಳತೆ ಇಲ್ಲಿ ಹಾಗೇ ಬರಲ್ಲ.

ಜಕ್ಕೂರು_ಕಣ (10:16)
ಗಾಜಿನ ಮಾತು ನೂರಕ್ಕೆ ನೂರು ಸರಿ. ಎತ್ತರದ ಮಾತು ಒಪ್ಪಲ್ಲ. ಈ ಕ್ರಿಯೆ 80 ಡಿಗ್ರಿಯಲ್ಲೂ ನಡೆಯುತ್ತೆ, ಮೂರು ಡಿಗ್ರಿಗೆ ಗಾತ್ರ ಅಷ್ಟು ಏರುಪೇರಾಗಲ್ಲ. ಕಂಡೆನ್ಸರ್ ಇಲ್ಲದೆ ತೆರೆದ ಬೀಕರಿನಲ್ಲಿ ಕುದಿಸಿ ನೀರು ಆವಿಯಾಗಿ ಸಾಂದ್ರತೆ ಬದಲಾಗೋದು ಅದಕ್ಕಿಂತ ದೊಡ್ಡ ತಪ್ಪು. ಸಿಟ್ರೇಟನ್ನ ಹನಿ ಹನಿಯಾಗಿ ಹಾಕೋದು ಇನ್ನೊಂದು. ಒಂದೇ ಸಲಕ್ಕೆ, ಜೋರಾಗಿ ಕಲಕ್ತಾ ಸುರೀಬೇಕು.

ದಾಸರಹಳ್ಳಿ_ಲ್ಯಾಬ್ (10:21)
ಆವಿಯ ಮಾತು ಒಪ್ಪಿದೆ. ಎರಡನೇ ತೊಂದರೆಗೆ, ಅಂದ್ರೆ ಮಸುಕು ಗೆರೆಗೆ ನಾನು ಬರೀತೀನಿ. ಪ್ರತಿಕಾಯ ಕೂತಮೇಲೆ ಚಿನ್ನದ ಖಾಲಿ ಜಾಗ ಮುಚ್ಚಬೇಕು. ಕೊನೆಗೆ 1% ಆಗುವಂತೆ ಬಿಎಸ್‌ಎ ಹಾಕಿ ಅರ್ಧ ಗಂಟೆ ಬಿಡಿ. ಸೆಂಟ್ರಿಫ್ಯೂಜ್ 5,000-6,000 ಜಿ, 20 ನಿಮಿಷ. ಜಾಸ್ತಿ ಓಡಿಸಿದರೆ ತಳದಲ್ಲಿ ಗಟ್ಟಿ ಕರಿ ಬಿಲ್ಲೆ ಕಟ್ಟುತ್ತೆ, ಅದು ಮತ್ತೆ ಬಿಡಿಸಿಕೊಳ್ಳಲ್ಲ. ಪ್ಯಾಡಿಗೆ ಹಾಕುವ ದ್ರವದಲ್ಲಿ 5-10% ಸಕ್ಕರೆ ಇರಲಿ, ಸುಕ್ರೋಸ್. ಒಣಗಿದ ಕಣ ನೀರು ಬಿದ್ದಾಗ ಒಟ್ಟಿಗೆ ಬಿಡುಗಡೆ ಆಗೋದು ಅದರಿಂದಲೇ. ಮಾದರಿ ಪ್ಯಾಡಿಗೆ ಸ್ವಲ್ಪ ಟ್ವೀನ್-20 (ಸಾಬೂನಿನಂಥ ದ್ರವ) ಮತ್ತು ಹಾಲಿನ ಪ್ರೋಟೀನ್ ಕೇಸೀನ್. ಆದರೂ ಗೆರೆ ಬಂದರೆ ಟೆಸ್ಟ್ ಗೆರೆಯ ಪ್ರತಿಕಾಯವನ್ನ 1 ಮಿ.ಗ್ರಾಂ ಪ್ರತಿ ಮಿ.ಲೀ.ನಿಂದ 0.5ಕ್ಕೆ ಇಳಿಸಿ ನೋಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿನ ತೇವಕ್ಕೆ ಪಟ್ಟಿಯನ್ನ ಹೊರಗೆ ಬಿಟ್ಟರೆ ಎರಡೇ ದಿನಕ್ಕೆ ಹರಿವಿನ ವೇಗ ಬದಲಾಗುತ್ತೆ. ಒಣ ಕೋಣೆ ಇಲ್ಲದಿದ್ರೆ ಡೆಸಿಕೇಟರಿನಿಂದ ತೆಗೆದು ಕೂಡಲೇ ಸಿಲಿಕಾ ಜೆಲ್ ಹಾಕಿ ಅಲ್ಯೂಮಿನಿಯಂ ಪೌಚ್ ಸೀಲ್ ಮಾಡಿ.

ಕರುಳುವೈದ್ಯ (10:40)
ಪಟ್ಟಿ ಮಾಡುವವರು ಹುಕ್ ಪರಿಣಾಮ ಪರೀಕ್ಷಿಸಲೇಬೇಕು. ಹಿಮೋಗ್ಲೋಬಿನ್ ವಿಪರೀತ ಇದ್ದರೆ ಚಿನ್ನದ ಪ್ರತಿಕಾಯವೂ ತುಂಬಿರುತ್ತೆ, ಗೆರೆಯ ಪ್ರತಿಕಾಯವೂ ತುಂಬಿರುತ್ತೆ, ನಡುವೆ ಸೇತುವೆ ಆಗೋದೇ ಇಲ್ಲ. ಧಾರಾಳ ರಕ್ತ ಹೋಗ್ತಿರೋ ರೋಗಿಗೆ ನೆಗೆಟಿವ್ ಬರುತ್ತೆ, ಇದಕ್ಕಿಂತ ಕೆಟ್ಟ ತಪ್ಪು ಬೇರೆ ಇಲ್ಲ. ಮಾದರಿ ಕೆಂಪಾಗಿ ಕಂಡರೆ 10 ಪಟ್ಟು, 100 ಪಟ್ಟು ತೆಳು ಮಾಡಿ ಮತ್ತೆ ಓಡಿಸಿ.

ತಿಳಿಸಾರು (11:02)
ಚೆನ್ನಾಗಿ ನಡೀತಿದೆ. ರಕ್ತಪರೀಕ್ಷೆಯಲ್ಲಿ ನ್ಯಾನೊ ಇದೆಯಾ? ಸಿಇಎ ಅನ್ನೋ ಪ್ರೋಟೀನಿನ ರಕ್ತಪರೀಕ್ಷೆ ಮಾಡಿಸಿದರೆ ಸಾಕಾಗಲ್ವಾ?

ಆಂಕೋ_ಫಾರ್ಮಾ (11:25)
ಸಿಇಎ ಪತ್ತೆಗೆ ಅಲ್ಲ. ಶುರುವಿನ ಗಡ್ಡೆಯಲ್ಲಿ ಎಷ್ಟೋ ಸಲ 5 ನ್ಯಾನೊಗ್ರಾಂ ಪ್ರತಿ ಮಿ.ಲೀ. ಒಳಗೇ ಇರುತ್ತೆ. ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತೆ. ಅದರ ಕೆಲಸ ಆಪರೇಷನ್ ಆದಮೇಲೆ ಕಾವಲು ಕಾಯೋದು. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಸಿಇಎ ನಾರ್ಮಲ್ ಬಂತು ಅಂತ ಕೊಲೊನೋಸ್ಕೋಪಿ ಮುಂದೂಡಬೇಡಿ.

ರಕ್ತದಲ್ಲಿ ನ್ಯಾನೊ ಅಂದ್ರೆ ಸೆಲ್‌ಸರ್ಚ್. 7.5 ಮಿ.ಲೀ. ರಕ್ತಕ್ಕೆ ಎಪ್‌ಕ್ಯಾಮ್ (ಇಂಥ ಕೋಶಗಳ ಮೈಮೇಲಿನ ಪ್ರೋಟೀನ್) ಹಿಡಿಯುವ ಪ್ರತಿಕಾಯ ಹೊತ್ತ ಕಬ್ಬಿಣದ ನ್ಯಾನೊಕಣ ಬೆರೆಸಿ ಅಯಸ್ಕಾಂತದಿಂದ ಕ್ಯಾನ್ಸರ್ ಕೋಶಗಳನ್ನ ಎಳೆದು ಎಣಿಸೋದು. ಅಮೆರಿಕದ ಎಫ್‌ಡಿಎ 2004ರಲ್ಲಿ ಸ್ತನದ ಕ್ಯಾನ್ಸರ್‌ಗೆ, 2007ರಲ್ಲಿ ಹರಡಿದ ಕರುಳಿನ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟಿತು. ಕರುಳಿನದ್ದಕ್ಕೆ 3 ಅಥವಾ ಹೆಚ್ಚು ಕೋಶ ಸಿಕ್ಕರೆ ಮುನ್ಸೂಚನೆ ಚೆನ್ನಾಗಿಲ್ಲ ಅಂತ ಅರ್ಥ. ಶುರುವಿನಲ್ಲೇ ಹಿಡಿಯೋಕೆ ಇದು ಆಗಲ್ಲ, ಆಗ ರಕ್ತದಲ್ಲಿ ಕೋಶಗಳು ಸಿಗೋದೇ ಅಪರೂಪ.

ಸರ್ಜರಿ_ಸದಾಶಿವನಗರ (12:10)
ಆಪರೇಷನ್ ಥಿಯೇಟರಿನ ಬಳಕೆ ಯಾರೂ ಹೇಳಲಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಕೈಯಿಂದ ಮುಟ್ಟಿ ನೋಡೋಕೆ ಆಗಲ್ಲ, ಸಣ್ಣ ಗಡ್ಡೆ ಕರುಳಿನ ಹೊರಗಿಂದ ಕಾಣಲ್ಲ. ಅದಕ್ಕೆ ಕೊಲೊನೋಸ್ಕೋಪಿಯಲ್ಲೇ ಇಂಗಾಲದ ಕಣದ ಮಸಿ ಚುಚ್ಚಿ ಗುರುತು ಹಾಕ್ತೀವಿ. ಮೊದಲು ಸಲೈನ್ ಚುಚ್ಚಿ ಒಳಪದರದ ಕೆಳಗೆ ಗುಳ್ಳೆ ಎಬ್ಬಿಸಬೇಕು, ಆ ಗುಳ್ಳೆಯೊಳಗೆ ಮಸಿ. ಗುಳ್ಳೆ ಇಲ್ಲದೆ ನೇರ ಚುಚ್ಚಿದರೆ ಸೂಜಿ ಗೋಡೆ ದಾಟಿ ಹೊಟ್ಟೆಯೊಳಗೆಲ್ಲಾ ಕಪ್ಪು ಹರಡುತ್ತೆ, ಆಪರೇಷನ್ ದಿನ ಯಾವುದು ಗಡ್ಡೆಯ ಜಾಗ ಅಂತ ಗೊತ್ತಾಗಲ್ಲ. ಗಡ್ಡೆಗೆ ಎರಡು ಮೂರು ಸೆಂ.ಮೀ. ಕೆಳಗೆ, ಸುತ್ತಲೂ ಎರಡು ಮೂರು ಕಡೆ. ಗಡ್ಡೆಯೊಳಗೇ ಚುಚ್ಚಬಾರದು. ಮೇಲೆ ಹಾಕಿದ್ರಾ ಕೆಳಗೆ ಹಾಕಿದ್ರಾ ಅಂತ ರಿಪೋರ್ಟಿನಲ್ಲಿ ಬರೆಯದಿದ್ರೆ ಗುರುತು ಇದ್ದೂ ಇಲ್ಲದ ಹಾಗೆ. ಕೆಳಗಿನ ಗುದನಾಳದಲ್ಲಿ ಇದು ಬೇಡ, ಬಿಡಿಸಬೇಕಾದ ಪದರವನ್ನೇ ಕಪ್ಪು ಮಾಡುತ್ತೆ.

ಚೀನಾದಲ್ಲಿ ಸುಮಾರು 150 ನ್ಯಾನೊಮೀಟರ್ ಇಂಗಾಲದ ಕಣ ಬಳಸ್ತಾರೆ. ಗಾತ್ರ ಆಯ್ದದ್ದಕ್ಕೆ ಕಾರಣ ಇದೆ: ಅದು ರಕ್ತದ ಲೋಮನಾಳದ ಸಂದಿಯಲ್ಲಿ ನುಗ್ಗಲ್ಲ, ದುಗ್ಧನಾಳದ ಅಗಲ ಸಂದಿಯಲ್ಲಿ ನುಗ್ಗುತ್ತೆ. ಹಾಗಾಗಿ ದುಗ್ಧಗ್ರಂಥಿಗಳು ಕಪ್ಪಾಗ್ತವೆ, ಪೆಥಾಲಜಿಯವರಿಗೆ ಹುಡುಕೋದು ಸುಲಭ. ಹಂತ ಸರಿಯಾಗಿ ನಿರ್ಧರಿಸೋಕೆ ಕನಿಷ್ಠ 12 ಗ್ರಂಥಿ ಪರೀಕ್ಷೆ ಆಗಿರಬೇಕು. ಆದರೆ ಕಪ್ಪಾದದ್ದೆಲ್ಲಾ ಕ್ಯಾನ್ಸರ್ ಅಲ್ಲ. ಗಡ್ಡೆ ಪೂರ್ತಿ ತುಂಬಿಕೊಂಡ ಗ್ರಂಥಿಗೆ ಮಸಿ ಹೋಗದೇ ಇರಬಹುದು.

ಯಲಹಂಕ_ಎಂಆರ್‌ಐ (12:32)
ಲಿವರ್‌ನಲ್ಲೂ ಇಂಥದ್ದೇ ಒಂದು ಜಾಣ ಉಪಯೋಗ ಇತ್ತು. ಕಬ್ಬಿಣದ ಆಕ್ಸೈಡ್ ಕಣ ಚುಚ್ಚಿದರೆ ಲಿವರ್‌ನ ಕುಪ್ಫರ್ ಕೋಶಗಳು ನುಂಗಿ ಎಂಆರ್‌ಐನಲ್ಲಿ ಲಿವರ್ ಕಪ್ಪಾಗುತ್ತೆ. ಕರುಳಿನಿಂದ ಹರಡಿದ ಗಡ್ಡೆಯಲ್ಲಿ ಕುಪ್ಫರ್ ಕೋಶ ಇರಲ್ಲ, ಅದು ಬೆಳ್ಳಗೆ ಉಳಿಯುತ್ತೆ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು, ಆಮೇಲೆ ಕಂಪನಿಯವರೇ ನಿಲ್ಲಿಸಿದರು. ಈಗ ಆ ಕೆಲಸಕ್ಕೆ ಲಿವರ್ ಕೋಶ ಹೀರಿಕೊಳ್ಳುವ ಗ್ಯಾಡೊಲಿನಿಯಂ ಔಷಧ ಬಳಸ್ತಾರೆ.

ಹೊಸಕೆರೆಹಳ್ಳಿ (12:50)
ಸರಿ, ಪತ್ತೆ ಆಯ್ತು. ಚಿಕಿತ್ಸೆ ಯಾಕೆ ಆಗಿಲ್ಲ? ಇಲಿಯಲ್ಲಿ ಗಡ್ಡೆ ಮಾಯ ಆದ ಫೋಟೊ ನೂರಾರು ಇದೆಯಲ್ಲ.

ಆಂಕೋ_ಫಾರ್ಮಾ (1:30)
ಇಲಿಯ ಫೋಟೊದಲ್ಲೇ ಉತ್ತರ ಇದೆ. ಆ ಗಡ್ಡೆ ಬಹಳ ಸಲ ಇಲಿಯ ಪಕ್ಕೆಯ ಚರ್ಮದ ಕೆಳಗೆ ಚುಚ್ಚಿ ಬೆಳೆಸಿದ್ದು. ಎರಡು ವಾರದಲ್ಲಿ ಬೆಳೆದ ಗಡ್ಡೆಗೂ ಮನುಷ್ಯರಲ್ಲಿ ವರ್ಷಗಟ್ಟಲೆ ಕರುಳಿನ ಗೋಡೆಯಲ್ಲಿ ಬೆಳೆದು ಲಿವರ್‌ಗೆ ಹರಡಿದ ಗಡ್ಡೆಗೂ ರಕ್ತನಾಳವೇ ಬೇರೆ.

1986ರಲ್ಲಿ ಮಾತ್ಸುಮುರಾ, ಮಾಯೆದಾ ಹೇಳಿದ್ದು: ಗಡ್ಡೆಯ ರಕ್ತನಾಳ ಸೋರುತ್ತೆ, ದೊಡ್ಡ ಕಣ ಅಲ್ಲೇ ಸಿಕ್ಕಿಕೊಳ್ಳುತ್ತೆ ಅಂತ. ಆ ಆಸೆಯ ಮೇಲೆ ಮೂರು ದಶಕ ಕೆಲಸ ನಡೀತು. 2016ರಲ್ಲಿ ಟೊರಾಂಟೊದ ವಾರನ್ ಚಾನ್ ಗುಂಪು ಹತ್ತು ವರ್ಷದ ಪ್ರಬಂಧಗಳನ್ನ ಒಟ್ಟುಗೂಡಿಸಿ ಲೆಕ್ಕ ಹಾಕಿತು. ಚುಚ್ಚಿದ ಪ್ರಮಾಣದಲ್ಲಿ ಗಡ್ಡೆ ತಲುಪೋದು, ಮಧ್ಯಕ ಲೆಕ್ಕದಲ್ಲಿ, 0.7%. ಉಳಿದದ್ದರಲ್ಲಿ ಬಹುಪಾಲು ಲಿವರ್, ಗುಲ್ಮಕ್ಕೆ. ಸುಮಾರು 5.5 ನ್ಯಾನೊಮೀಟರಿಗಿಂತ ಚಿಕ್ಕದಾದರೆ ಕಿಡ್ನಿಯಿಂದ ಬೇಗ ಹೊರಗೆ ಹೋಗುತ್ತೆ. ಚಿನ್ನ ಕರಗಲ್ಲ, ಲಿವರ್‌ನಲ್ಲಿ ಕೂತದ್ದು ತಿಂಗಳುಗಟ್ಟಲೆ ಅಲ್ಲೇ ಇರುತ್ತೆ.

ಜಕ್ಕೂರು_ಕಣ (1:48)
ಒಂದು ತಿದ್ದುಪಡಿ. ‘ಸೋರುವ ರಕ್ತನಾಳ’ ಅನ್ನೋದೇ ಈಗ ಪ್ರಶ್ನೆಯಲ್ಲಿದೆ. ಅದೇ ಗುಂಪು 2020ರಲ್ಲಿ ತೋರಿಸಿದ್ದು, ಸಂದಿಗಳು ಬಹಳ ವಿರಳ, ಒಳಗೆ ಹೋಗುವ ಕಣಗಳಲ್ಲಿ 97%ವರೆಗೆ ರಕ್ತನಾಳದ ಕೋಶಗಳೇ ಹೊತ್ತು ದಾಟಿಸೋದು ಅಂತ. ಗಾತ್ರ ಮಾತ್ರ ತಿದ್ದುತ್ತಾ ಕೂತರೆ ಪ್ರಯೋಜನ ಇಲ್ಲ ಅನ್ನೋದು ಇದರಿಂದ ಬರುವ ಮಾತು.

ಆಂಕೋ_ಫಾರ್ಮಾ (1:55)
ಒಪ್ಪಿದೆ. ಆದರೆ ಅದೂ ಹೆಚ್ಚಾಗಿ ಇಲಿಯ ಲೆಕ್ಕವೇ.

ಒಪ್ಪಿಗೆ ಪಡೆದ ನ್ಯಾನೊ ಔಷಧ ಇಲ್ಲ ಅಂತ ಅಲ್ಲ. ಲೈಪೋಸೋಮ್ ಅನ್ನೋ ಕೊಬ್ಬಿನ ಸಣ್ಣ ಗುಳ್ಳೆಯೊಳಗಿನ ಡಾಕ್ಸೋರುಬಿಸಿನ್ 1995ರಲ್ಲಿ, ಆಲ್ಬುಮಿನ್ ಜೊತೆಗಿನ ಪ್ಯಾಕ್ಲಿಟ್ಯಾಕ್ಸೆಲ್ 2005ರಲ್ಲಿ. ಕರುಳಿಗೆ ಹತ್ತಿರದ್ದು ಅಂದ್ರೆ ಲೈಪೋಸೋಮಿನ ಐರಿನೋಟೆಕಾನ್, ಸುಮಾರು 110 ನ್ಯಾನೊಮೀಟರ್. ಐರಿನೋಟೆಕಾನ್ ಕರುಳಿನ ಕ್ಯಾನ್ಸರಿನ ಹಳೇ ಔಷಧವೇ, ಆದರೆ ಲೈಪೋಸೋಮ್ ರೂಪಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ. ಎರಡರ ಡೋಸ್ ಬೇರೆ, ಒಂದರ ಬದಲು ಇನ್ನೊಂದು ಹಾಕುವ ಹಾಗೇ ಇಲ್ಲ. ನ್ಯಾನೊ ಆದ ಮಾತ್ರಕ್ಕೆ ಭೇದಿ ತಪ್ಪಲ್ಲ, ಬಿಳಿರಕ್ತಕಣ ಇಳಿಯೋದು ತಪ್ಪಲ್ಲ. ಈ ಔಷಧವನ್ನ ದೇಹದಿಂದ ಹೊರಹಾಕೋಕೆ ಬೇಕಾದ ಯುಜಿಟಿ1ಎ1 ಜೀನಿನ ಎರಡೂ ಪ್ರತಿಯಲ್ಲಿ *28 ಅನ್ನೋ ಬದಲಾವಣೆ ಇರೋರಿಗೆ ಎರಡೂ ರೂಪದಲ್ಲಿ ಡೋಸ್ ತಗ್ಗಿಸಿ ಶುರು ಮಾಡಬೇಕು.

ಹೊಸಕೆರೆಹಳ್ಳಿ (2:05)
ಲೇಸರ್ ಹಾಕಿ ಬಿಸಿ ಮಾಡಿ ಸುಡೋದು? ಕೊಲೊನೋಸ್ಕೋಪಿಯಲ್ಲೇ ಫೈಬರ್ ಹೋಗುತ್ತಲ್ಲ, ರಕ್ತದಲ್ಲಿ ಕಳಿಸೋ ತೊಂದರೆಯೇ ಇಲ್ಲ. ಕಣವನ್ನ ಗಡ್ಡೆಗೇ ಚುಚ್ಚಿದರಾಯ್ತು.

ಸರ್ಜರಿ_ಸದಾಶಿವನಗರ (2:20)
ಗಾಳಿ ತುಂಬಿದ ದೊಡ್ಡಕರುಳಿನ ಗೋಡೆ ಎರಡು ಮೂರು ಮಿ.ಮೀ., ಅಷ್ಟೇ. 50 ಡಿಗ್ರಿ ದಾಟಿದ ಶಾಖ ಗಡ್ಡೆಯ ಅಂಚಿಗೇ ನಿಲ್ಲುತ್ತೆ ಅಂತ ಯಾರು ಹೇಳ್ತಾರೆ? ತೂತಾದರೆ ಮಲ ಹೊಟ್ಟೆಯೊಳಗೆ. ಇನ್ನು 808 ನ್ಯಾನೊಮೀಟರ್ ಬೆಳಕು ಅಂಗಾಂಶದಲ್ಲಿ ಆಳಕ್ಕೆ ಹೋದಂತೆ ಬೇಗ ಕ್ಷೀಣಿಸುತ್ತೆ, ದಪ್ಪ ಗಡ್ಡೆಯ ತಳಕ್ಕೆ ಸಾಲಲ್ಲ. ಮೇಲ್ಪದರದ ಚಿಕ್ಕ ಗಡ್ಡೆಗೆ ಸಾಲಬಹುದು, ಆದರೆ ಅದನ್ನ ಕೊಲೊನೋಸ್ಕೋಪಿಯಲ್ಲೇ ಇಡಿಯಾಗಿ ಕೆತ್ತಿ ತೆಗೀಬಹುದು, ತೆಗೆದ ತುಂಡು ಪೆಥಾಲಜಿಗೆ ಹೋಗುತ್ತೆ, ಅಂಚು ಸ್ವಚ್ಛವಾ ಅಂತ ಗೊತ್ತಾಗುತ್ತೆ. ಸುಟ್ಟರೆ ಏನು ಪರೀಕ್ಷೆ ಮಾಡೋದು?

ಹೊಸಕೆರೆಹಳ್ಳಿ (2:24)
ಪ್ರಾಸ್ಟೇಟಿನಲ್ಲಿ ಮಾಡಿದ್ದಾರಲ್ಲ?

ಸರ್ಜರಿ_ಸದಾಶಿವನಗರ (2:28)
ಹೌದು, ಚಿನ್ನದ ಚಿಪ್ಪಿನ ಸಿಲಿಕಾ ಕಣ, 2019ರಲ್ಲಿ ಮನುಷ್ಯರ ಫಲಿತಾಂಶ ಬಂತು. ಪ್ರಾಸ್ಟೇಟ್ ಗಟ್ಟಿ ಅಂಗ. ಕರುಳು ಟೊಳ್ಳು ಕೊಳವೆ. ಹೋಲಿಕೆ ಅಲ್ಲೇ ಮುಗೀತು.

ಜಕ್ಕೂರು_ಕಣ (2:41)
ನ್ಯಾನೊರಾಡ್ (ಕಡ್ಡಿ ಆಕಾರದ ಚಿನ್ನದ ಕಣ) ಬಳಸುವವರಿಗೆ ಒಂದು ಎಚ್ಚರಿಕೆ. ಮಾಡುವಾಗ ಹಾಕುವ ಸಿಟಿಎಬಿ ಸಾಬೂನಿನಂಥ ವಸ್ತು, ಅದೇ ಕೋಶ ಕೊಲ್ಲುತ್ತೆ. ಅದರ ಬದಲು ಪೆಗ್-ಥಯೋಲ್ (ಚಿನ್ನಕ್ಕೆ ಅಂಟುವ ಪಾಲಿಎಥಿಲೀನ್ ಗ್ಲೈಕಾಲ್) ಕೂರಿಸಿ ಪೂರ್ತಿ ತೊಳೆಯದಿದ್ದರೆ ‘ನಮ್ಮ ಕಣ ಎಚ್‌ಟಿ-29 ಅನ್ನೋ ಕರುಳಿನ ಕ್ಯಾನ್ಸರ್ ಕೋಶ ಕೊಂದಿತು’ ಅಂತ ಬರೆಯೋದು ಸಿಟಿಎಬಿ ಮಾಡಿದ ಕೆಲಸ. ಕೋಶ ಬದುಕಿದೆಯಾ ಅಂತ ಬಣ್ಣದಿಂದ ನೋಡುವ ಎಂಟಿಟಿ ಪರೀಕ್ಷೆಯಲ್ಲೂ ಅಷ್ಟೇ: ಅದರ ನೇರಳೆ ಬಣ್ಣ ಅಳೆಯುವ ತರಂಗಾಂತರದಲ್ಲೇ ಚಿನ್ನವೂ ಬೆಳಕು ಹೀರುತ್ತೆ. ಕೋಶ ಇಲ್ಲದ, ಕಣ ಮಾತ್ರ ಇರುವ ಬಾವಿ ಒಂದು ಸಾಲು ಇಡಲೇಬೇಕು. ತೊಳೆದ ಮೇಲಿನ ದ್ರವವನ್ನೂ ಪ್ರತ್ಯೇಕವಾಗಿ ಕೋಶಕ್ಕೆ ಹಾಕಿ ನೋಡಿ.

ಚಿಕ್ಕಪೇಟೆ_ಶೆಟ್ರು (3:15)
ನಮ್ಮ ಸ್ವರ್ಣಭಸ್ಮವೂ ನ್ಯಾನೊ ಚಿನ್ನವೇ ಅಲ್ವಾ? ಸಾವಿರಾರು ವರ್ಷದಿಂದ ಇದೆ.

ಜಕ್ಕೂರು_ಕಣ (3:30)
ಅದರಲ್ಲಿ ಹತ್ತಾರು ನ್ಯಾನೊಮೀಟರಿನ ಚಿನ್ನದ ಹರಳು ಇರೋದು ಅಳೆದು ನೋಡಿದ ಸಂಗತಿ ಶೆಟ್ರೇ, ಅದರಲ್ಲಿ ತಕರಾರಿಲ್ಲ. ಆದರೆ ಅವು ಒಂದಕ್ಕೊಂದು ಅಂಟಿ ಮೈಕ್ರೊಮೀಟರ್ ಗಾತ್ರದ ಗಂಟಾಗಿರ್ತವೆ. ಮೈಮೇಲೆ ಪ್ರತಿಕಾಯ ಇಲ್ಲ, ಔಷಧ ಇಲ್ಲ, ಗಡ್ಡೆ ಯಾವುದು ಅಂತ ಗುರುತಿಸುವ ದಾರಿ ಇಲ್ಲ. ನ್ಯಾನೊ ಅನ್ನೋದು ಗಾತ್ರದ ಮಾತು, ಗುಣದ ಮಾತಲ್ಲ. ಕರುಳಿನ ಕ್ಯಾನ್ಸರ್ ಅದರಿಂದ ವಾಸಿಯಾಗುತ್ತೆ ಅನ್ನೋಕೆ ಆಧಾರ ಇಲ್ಲ.

ಕರುಳುವೈದ್ಯ (3:36)
ಕೀಮೋ ತಗೊಳ್ತಿರೋರು ಯಾವ ಭಸ್ಮ ತಗೊಂಡರೂ ಆಂಕಾಲಜಿಸ್ಟಿಗೆ ಹೇಳಿ, ಮುಚ್ಚಿಡಬೇಡಿ. ಲಿವರ್ ಎನ್‌ಜೈಮ್ ಏರಿದಾಗ ಕಾರಣ ಕೀಮೋನೋ ಭಸ್ಮನೋ ಗೊತ್ತಾಗದೆ ಡೋಸ್ ನಿಲ್ಲಿಸಬೇಕಾಗುತ್ತೆ.

ಫಾರ್ಮ್ಯುಲೇಷನ್_ಪೀಣ್ಯ (4:02)
ಬಾಯಿಂದ ಕೊಡುವ ದಾರಿ ಯಾರೂ ಮುಟ್ಟಲಿಲ್ಲ. ಕ್ಯಾಪ್ಸೂಲಿಗೆ ಹಚ್ಚುವ ಯುಡ್ರಜಿಟ್ ಎಸ್100 ಲೇಪ ಪಿಎಚ್ 7ರ ಮೇಲೆ ಕರಗುತ್ತೆ, ಅಂದ್ರೆ ಸಣ್ಣಕರುಳಿನ ತುದಿಯಲ್ಲಿ. ಅದರೊಳಗೆ ಪೆಕ್ಟಿನ್ ಅಥವಾ ಕೈಟೋಸಾನ್ ಕಣ ಇಟ್ಟರೆ ದೊಡ್ಡಕರುಳಿನ ಬ್ಯಾಕ್ಟೀರಿಯಾ ಅದನ್ನ ಒಡೆದು ಔಷಧ ಬಿಡ್ತವೆ. ಕೇಳೋಕೆ ಚೆಂದ. ತೊಂದರೆ ಎಲ್ಲಿ ಅಂದ್ರೆ, ಕೆಲವರಲ್ಲಿ ಪಿಎಚ್ 7 ಮುಟ್ಟೋದೇ ಇಲ್ಲ, ಕ್ಯಾಪ್ಸೂಲ್ ಇಡಿಯಾಗಿ ಮಲದಲ್ಲಿ ಬರುತ್ತೆ. ಭೇದಿ ಇದ್ದರೆ ಕರಗೋಕೆ ಸಮಯ ಸಿಗಲ್ಲ. ಆಂಟಿಬಯೋಟಿಕ್ ತಗೊಂಡಿದ್ರೆ ಒಡೆಯುವ ಬ್ಯಾಕ್ಟೀರಿಯಾನೇ ಇಲ್ಲ. ಕೈಟೋಸಾನಿನ ಧನ ಆವೇಶ ಲೋಳೆಗೆ ಅಂಟಿಕೊಳ್ಳುತ್ತೆ, ಲೋಳೆ ಸವೆದಾಗ ಅದೂ ಹೊರಗೆ. ಪೆಗ್ ದಟ್ಟವಾಗಿ ಹೊದಿಸಿದ ಕಣ ಲೋಳೆ ದಾಟುತ್ತೆ.

ಆಂಕೋ_ಫಾರ್ಮಾ (4:15)
ಇಷ್ಟೆಲ್ಲಾ ದಾಟಿದರೂ ತಲುಪೋದು ಕರುಳಿನ ಒಳಮೈಯ ಗಡ್ಡೆಗೆ. ಅದನ್ನ ಸರ್ಜನ್ ತೆಗೀತಾರೆ. ಜೀವ ತೆಗೆಯೋದು ಹೆಚ್ಚಾಗಿ ಲಿವರ್‌ಗೆ, ಶ್ವಾಸಕೋಶಕ್ಕೆ ಹರಡಿದ್ದು. ಅಲ್ಲಿಗೆ ಈ ಕ್ಯಾಪ್ಸೂಲಿನಿಂದ ಏನು ಸಿಗುತ್ತೆ?

ಫಾರ್ಮ್ಯುಲೇಷನ್_ಪೀಣ್ಯ (4:21)
ಪಾಲಿಪ್ ಮತ್ತೆ ಮತ್ತೆ ಬರುವ ವಂಶದವರಲ್ಲಿ ತಡೆಗೆ ಬಳಸಬಹುದು ಅನ್ನೋದು ನನ್ನ ವಾದ. ಹರಡಿದ ರೋಗಕ್ಕೆ ಅಲ್ಲ, ಅದು ಒಪ್ಪುತ್ತೀನಿ.

ಸಂಪಿಗೆ_ರಸ್ತೆ (4:30)
ಪೆಗ್ ಪೆಗ್ ಅಂತಿದ್ದೀರಲ್ಲ, ಕೊಲೊನೋಸ್ಕೋಪಿಗೆ ಮುಂಚೆ ಕುಡಿಸೋ ಪುಡಿಯ ಮೇಲೂ ಪಾಲಿಎಥಿಲೀನ್ ಗ್ಲೈಕಾಲ್ ಅಂತಾನೇ ಇದೆ. ಅದೇನಾ?

ಆಂಕೋ_ಫಾರ್ಮಾ (4:38)
ಅದೇ ಪಾಲಿಮರ್, ಸರಪಳಿಯ ಉದ್ದ ಬೇರೆ. ಕುಡಿಯೋದು 3350 ಅಥವಾ 4000, ಲೈಪೋಸೋಮಿನ ಮೈಮೇಲಿರೋದು ಸಾಮಾನ್ಯವಾಗಿ 2000. ಕೆಲವರಿಗೆ ಪೆಗ್ ವಿರುದ್ಧ ಪ್ರತಿಕಾಯ ಇರುತ್ತೆ, ಅಂಥವರಲ್ಲಿ ಪೆಗ್ ಹೊದಿಸಿದ ಕಣ ಬೇಗ ರಕ್ತದಿಂದ ಹೊರಟುಹೋಗುತ್ತೆ, ಅಪರೂಪಕ್ಕೆ ಅಲರ್ಜಿಯೂ ಆಗುತ್ತೆ. ಪುಡಿ ಕುಡಿದಾಗ ಮೈ ದದ್ದು, ಉಬ್ಬಸ ಬಂದಿದ್ದರೆ ಯಾವುದೇ ಪೆಗ್ ಇಂಜೆಕ್ಷನ್‌ಗೆ ಮುಂಚೆ ಅದನ್ನ ಹೇಳಲೇಬೇಕು.

ಕರುಳುವೈದ್ಯ (4:55)
ಪುಡಿಯ ಮಾತು ಬಂದಿದ್ದರಿಂದ: ಮೂರು ದಿನ ಮುಂಚಿನಿಂದ ರಾಗಿಮುದ್ದೆ, ಸೊಪ್ಪು, ಸೀಬೆಹಣ್ಣು, ಟೊಮೇಟೊ ಬೀಜ, ಎಳ್ಳು ಬೇಡ. ಕಬ್ಬಿಣದ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಿ, ಕರಿ ಲೇಪ ಗೋಡೆಗೆ ಅಂಟಿರುತ್ತೆ. ಹಿಂದಿನ ದಿನ ಸೋಸಿದ ತಿಳಿ ಸಾರು, ಎಳನೀರು, ಹಾಲಿಲ್ಲದ ಕಾಫಿ ಆಗುತ್ತೆ. ಮಜ್ಜಿಗೆ ಆಗಲ್ಲ. ಕೆಂಪು ಜ್ಯೂಸ್ ಬೇಡ, ರಕ್ತದ ಹಾಗೆ ಕಾಣುತ್ತೆ. ಕಿಡ್ನಿ ತೊಂದರೆ ಇರೋರು ಎಳನೀರಿನ ಪೊಟಾಸಿಯಂ ಬಗ್ಗೆ ವೈದ್ಯರನ್ನ ಕೇಳಿ. ಪುಡಿಯ ನೀರು ಅರ್ಧ ಹಿಂದಿನ ಸಂಜೆ, ಅರ್ಧ ಆವತ್ತು ಬೆಳಿಗ್ಗೆ ಕುಡಿದರೆ ಬಲಭಾಗ ಚೆನ್ನಾಗಿ ಸ್ವಚ್ಛ ಆಗುತ್ತೆ. ಅಲ್ಲಿನ ಚಪ್ಪಟೆ ಪಾಲಿಪ್ ತಪ್ಪಿಹೋಗೋದು ಒಂದು ಚೂರು ಲೋಳೆ ಉಳಿದಿದ್ದಕ್ಕೇ.

ತಿಳಿಸಾರು (5:20)
ಕೊನೇ ಪ್ರಶ್ನೆ. ಬೆಂಗಳೂರಲ್ಲಿ ಯಾರಾದರೂ ‘ನ್ಯಾನೊ ಟ್ರಯಲ್’ ಅಂತ ಕರೆದರೆ ಅಸಲಿ ಅಂತ ತಿಳಿಯೋದು ಹೇಗೆ?

ಆಂಕೋ_ಫಾರ್ಮಾ (5:45)
ಮೊದಲು ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನಂಬರ್ ಕೇಳಿ. 2009ರ ಜೂನ್ 15ರಿಂದ ಭಾರತದಲ್ಲಿ ಔಷಧ ಟ್ರಯಲ್ ಅಲ್ಲಿ ನೋಂದಣಿ ಆಗಲೇಬೇಕು. ಸಿಟಿಆರ್‌ಐ, ವರ್ಷ, ತಿಂಗಳು, ಅಂಕಿ, ಈ ಕ್ರಮದಲ್ಲಿರುತ್ತೆ. ವೆಬ್‌ಸೈಟಿನಲ್ಲಿ ಹಾಕಿ ನೋಡಿ: ರೋಗ ಯಾವುದು, ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದೆಯಾ, ಎಥಿಕ್ಸ್ ಕಮಿಟಿ ಒಪ್ಪಿದೆಯಾ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ಒಯ್ದು ಓದಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಇದೆ. ಪರೀಕ್ಷಿಸುತ್ತಿರುವ ಔಷಧಕ್ಕೆ ‘ಪ್ಯಾಕೇಜ್’ ಅಂತ ಲಕ್ಷಗಟ್ಟಲೆ ದುಡ್ಡು ಕೇಳಿದರೆ ಎದ್ದು ಬನ್ನಿ. ನ್ಯಾನೊ ಔಷಧಗಳನ್ನ ಹೇಗೆ ಪರೀಕ್ಷಿಸಬೇಕು ಅನ್ನೋ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ 2019ರಲ್ಲೇ ಬಂದಿದೆ: ಗಾತ್ರ, ಆವೇಶ, ಔಷಧ ಬಿಡುವ ವೇಗ, ದೇಹದಲ್ಲಿ ಎಲ್ಲಿ ಕೂರುತ್ತೆ, ಎಲ್ಲ ತೋರಿಸಬೇಕು. ಅನುಮಾನ ಇದ್ದರೆ ಹೊಸೂರು ರಸ್ತೆಯ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ತಗೊಳ್ಳಿ.

ಒಂದು ಮಾತು ಜೋರಾಗಿಯೇ ಹೇಳ್ತೀನಿ. ಗಡ್ಡೆಯ ತುಂಡಿನಲ್ಲಿ ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನುಗಳು), ಹರಡಿದ್ದರೆ ಕೆರಾಸ್, ಎನ್‌ರಾಸ್, ಬಿರಾಫ್ ಜೀನುಗಳ ಪರೀಕ್ಷೆ ಆಗಿದೆಯಾ ಅಂತ ಮೊದಲು ಕೇಳಿ. ಎಂಎಂಆರ್ ಕೊರತೆ ಇರೋರಿಗೆ ಇಮ್ಯುನೋಥೆರಪಿ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. 2022ರಲ್ಲಿ ಬಂದ ಗುದನಾಳದ ಅಧ್ಯಯನದಲ್ಲಿ ಡೋಸ್ಟಾರ್ಲಿಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧ ಪೂರ್ತಿ ತಗೊಂಡ ಮೊದಲ 12ಕ್ಕೆ 12 ಜನರಲ್ಲೂ ಗಡ್ಡೆ ಕಾಣದಾಯ್ತು. ಅದಕ್ಕೆ ನ್ಯಾನೊ ಬೇಕಾಗಲಿಲ್ಲ. ಇಲ್ಲದ ಚಿನ್ನದ ಇಂಜೆಕ್ಷನ್ ಹುಡುಕ್ತಾ ಇರುವ ಪರೀಕ್ಷೆ ಬಿಟ್ಟುಬಿಡೋದು ನೋಡಿದರೆ ಸಂಕಟ ಆಗುತ್ತೆ.

ಎಮ್ಮೆಸ್ಸಿ_ಕೊನೇಸೆಮ್ (ಮರುದಿನ, ಸಂಜೆ 6:10)
ಡಯಾಲಿಸಿಸ್ ಮಾಡಿ ಉಪ್ಪಿನ ಪರೀಕ್ಷೆ ಆಯ್ತು. ಲೇಬಲ್ಲಿನಲ್ಲಿ ಬಿಎಸ್‌ಎ ಇಲ್ಲ. 2, 4, 6 ನೀಲಿ. 8ರಿಂದ ಮುಂದೆ ಕೆಂಪು. 8 ಸ್ವಲ್ಪ ನೇರಳೆ ಛಾಯೆ ಅನ್ಸುತ್ತೆ.

ಜಕ್ಕೂರು_ಕಣ (6:24)
ಕಣ್ಣಿನಲ್ಲಿ ನಿರ್ಧರಿಸಬೇಡಿ. 8 ಮತ್ತು 10 ಎರಡನ್ನೂ 400ರಿಂದ 700ವರೆಗೆ ಸ್ಕ್ಯಾನ್ ಮಾಡಿ, 580ರ ಹೀರಿಕೆಯನ್ನ 528ರದ್ದರಿಂದ ಭಾಗಿಸಿ, ಉಪ್ಪು ಹಾಕದ ಚಿನ್ನದ ಜೊತೆ ಹೋಲಿಸಿ. 8ರಲ್ಲಿ ಅನುಪಾತ ಏರಿದ್ದರೆ ಕನಿಷ್ಠ 10, ಬ್ಯಾಚಿಗೆ 11-12. ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ.

ದಾಸರಹಳ್ಳಿ_ಲ್ಯಾಬ್ (6:31)
ಬ್ಯಾಚ್ ಆದಮೇಲೆ ಮೊದಲು ಬರೀ ಬಫರ್ ಓಡಿಸಿ, ಆಮೇಲೆ ರಕ್ತ ಇಲ್ಲದ ಮಲ, ಕೊನೆಗೆ ಅದೇ ಮಲಕ್ಕೆ ಗೊತ್ತಿರುವ ಪ್ರಮಾಣದ ಹಿಮೋಗ್ಲೋಬಿನ್ ಬೆರೆಸಿ. ಬಫರಿನಲ್ಲೇ ಗೆರೆ ಬಂದರೆ ತಪ್ಪು ಚಿನ್ನದ್ದು ಅಥವಾ ಗೆರೆಯದ್ದು. ಮಲದಲ್ಲಿ ಮಾತ್ರ ಬಂದರೆ ಟ್ವೀನ್ ಸಾಲದು.